ಅಂಗಳದ ಮಳೆಯಿಂದ ಹಾರಂಗಿಯವರೆಗೆ: ಪ್ರೌಢಶಾಲೆಯಲ್ಲೊಂದು ಮಳೆ ಕ್ಲಬ್ ಕಟ್ಟುವುದು ಹೇಗೆ?

ಜೂನ್‌ನಲ್ಲಿ ಶಾಲೆಯ ನೋಟಿಸ್ ಬೋರ್ಡ್ ಮೇಲೆ ಕ್ಲಬ್‌ಗಳ ಪಟ್ಟಿ ಬರುತ್ತದೆ. ವಿಜ್ಞಾನ ಸಂಘ, ಇಕೋ ಕ್ಲಬ್, ಸಾಹಿತ್ಯ ಸಂಘ, ಗಣಿತ ಸಂಘ. ಆಗಸ್ಟ್ ಹೊತ್ತಿಗೆ ಪಟ್ಟಿ ಅಲ್ಲೇ ಇರುತ್ತದೆ, ಕ್ಲಬ್ ಇರುವುದಿಲ್ಲ. ಕೊಡಗಿನಲ್ಲಂತೂ ಇದಕ್ಕೆ ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಸಂಜೆ ಬೆಲ್ ಹೊಡೆದರೆ ಮಕ್ಕಳು ಬಸ್ಸಿಗೆ ಓಡಬೇಕು. ಆ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಇಳಿದ ನಂತರ ತೋಟದ ದಾರಿಯಲ್ಲಿ ಆನೆ. ಶಾಲೆ ಬಿಟ್ಟ ಮೇಲೆ ನಡೆಸುವ ಯಾವ ಚಟುವಟಿಕೆಯೂ ಇಲ್ಲಿ ಪೇಟೆಯ ನಾಲ್ಕು ಮಕ್ಕಳಿಗಷ್ಟೇ ದಕ್ಕುತ್ತದೆ.

ಹಾಗಾಗಿ ನಮಗೆ ಬೇಕಿರುವುದು ಮಕ್ಕಳು ಮನೆಯಲ್ಲೇ ಮಾಡಿ, ಶನಿವಾರ ಶಾಲೆಯಲ್ಲಿ ಒಟ್ಟುಗೂಡಿಸುವಂಥ ಕೆಲಸ. ಮಳೆ ಅಳೆಯುವುದಕ್ಕಿಂತ ಸುಲಭದ ಕೆಲಸ ನನಗಂತೂ ತೋಚುವುದಿಲ್ಲ. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದರೆ ಮಳೆಯ ಬಗ್ಗೆಯೇ ಕೇಳಿದ್ದು ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು.

ಮೊದಲು ಮಕ್ಕಳ ಆಯ್ಕೆ

ಅಂಕ ನೋಡಿ ಆರಿಸಬೇಡಿ, ಊರು ನೋಡಿ ಆರಿಸಿ. ಎಂಟು ಮತ್ತು ಒಂಬತ್ತನೇ ತರಗತಿಯಿಂದ ಇಪ್ಪತ್ತೈದು ಮೂವತ್ತು ಮಕ್ಕಳು ಸಾಕು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬಿಟ್ಟುಬಿಡಿ. ಒಂದೇ ಬಡಾವಣೆಯ ಹತ್ತು ಮಕ್ಕಳಿದ್ದರೆ ಹತ್ತು ಕಡೆಯೂ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆ. ಬೇರೆ ಬೇರೆ ಬಸ್ ರೂಟಿನ ಮಕ್ಕಳಿದ್ದರೆ ಕಥೆಯೇ ಬೇರೆ. ಬುಡಕಟ್ಟು ಹಾಡಿಯಿಂದ ಬರುವವರು, ತೋಟದ ಕಾರ್ಮಿಕರ ಲೈನ್ ಮನೆಯವರು, ಹೊಳೆಬದಿಯವರು, ಬೆಟ್ಟದ ಮೇಲಿನವರು, ಎಲ್ಲರೂ ಇರಲಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯ ಅಂಗಳದಲ್ಲೇ ಅತಿ ಹೆಚ್ಚು ಮಳೆ ಬಿದ್ದಿದ್ದರೆ ಶನಿವಾರ ಅವಳು ಮಾತಾಡಲೇಬೇಕಾಗುತ್ತದೆ.

ಮಾಪಕ ಮಾಡುವ ಬಗೆ

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಬೇಕು. ಮೈ ನೇರವಾಗಿರಬೇಕು, ಸೊಂಟ ಕಿರಿದಾದದ್ದು ಆಗದು. ಕುತ್ತಿಗೆಯ ಇಳಿಜಾರು ಮುಗಿದು ಮೈ ನೇರವಾಗುವ ಜಾಗದಲ್ಲಿ ಕತ್ತರಿಸಿ. ಮುಚ್ಚಳ ತೆಗೆದ ಮೇಲ್ಭಾಗವನ್ನು ತಲೆಕೆಳಗೆ ಮಾಡಿ ಆಲಿಕೆಯಂತೆ ಒಳಗಿಟ್ಟು ಅಂಚಿಗೆ ಟೇಪ್ ಸುತ್ತಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದಲೇ ಅಳೆದರೆ ಲೆಕ್ಕ ತಪ್ಪುತ್ತದೆ. ತಳಕ್ಕೆ ನಾಲ್ಕು ಕಲ್ಲು ಹಾಕಿ, ಕಲ್ಲೂ ಉಬ್ಬುತಗ್ಗೂ ಮುಚ್ಚುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಪ್ರತಿ ಸಲ ಚೆಲ್ಲಿದ ಮೇಲೆ ಮತ್ತೆ ಸೊನ್ನೆಯವರೆಗೆ ನೀರು ತುಂಬಬೇಕು. ಮಕ್ಕಳು ಮರೆಯುವುದು ಇದನ್ನೇ.

ಇಡುವ ಜಾಗ ಮಾಪಕದಷ್ಟೇ ಮುಖ್ಯ. ಸಿಲ್ವರ್ ಓಕ್ ಕೆಳಗಾಗಲಿ ಹೆಂಚಿನ ಸೂರಿನ ಪಕ್ಕವಾಗಲಿ ಇಟ್ಟರೆ ಅಳೆದದ್ದು ಮಳೆಯಲ್ಲ, ಮರದ ಹನಿ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಾದರೂ ಇರಬೇಕು. ಕಾಫಿ ಒಣಗಿಸುವ ಕಣ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ, ಸುತ್ತಲೂ ಬಯಲು. ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಸಿಮೆಂಟ್ ನೆಲದಿಂದ ಹನಿ ಸಿಡಿದು ಒಳಗೆ ಬೀಳಬಾರದು. ಬಾಟಲಿಯ ಬಾಯಿ ನೆಲದಿಂದ ಕನಿಷ್ಠ 30 ಸೆಂಟಿಮೀಟರ್ ಮೇಲಿರುವಂತೆ ಇಟ್ಟಿಗೆಗಳ ನಡುವೆ ಭದ್ರ ಮಾಡಿ.

ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಓದಬೇಕು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ನಮ್ಮ ಮಕ್ಕಳು ಬಸ್ಸಿನಲ್ಲಿರುತ್ತಾರೆ. ಏಳು ಗಂಟೆಗೆ ನೋಡಲಿ, ಎಲ್ಲರೂ ಏಳಕ್ಕೇ ನೋಡಲಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಈ ಬಾಟಲಿ ರಾತ್ರಿ ಬೆಳಗಾಗುವುದರೊಳಗೆ ತುಂಬಿ ಹರಿದೀತು: ಹತ್ತು ಇಂಚು ಎಂದರೆ 254 ಮಿಲಿಮೀಟರ್, ಬಾಟಲಿಯಲ್ಲಿ ಅಷ್ಟು ಎತ್ತರವೇ ಇಲ್ಲ. ಮಳೆ ಜೋರಿದ್ದ ದಿನ ಸಂಜೆಯೊಮ್ಮೆ ಅಳೆದು ಚೆಲ್ಲಿ, ಬೆಳಗಿನದಕ್ಕೆ ಕೂಡಿಸಬೇಕು.

ಶನಿವಾರದ ಲೆಕ್ಕ

ಮಕ್ಕಳು ಬರೆಯುವುದು ಮಿಲಿಮೀಟರಿನಲ್ಲಿ, ಮನೆಯ ಹಿರಿಯರು ಆಡುವುದು ಇಂಚು ಮತ್ತು ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟ್, 25.4 ಮಿಲಿಮೀಟರ್. ಈ ಪರಿವರ್ತನೆಯೇ ಮೊದಲ ಶನಿವಾರದ ಪಾಠವಾಗಲಿ. ಎರಡನೆಯದಕ್ಕೆ ಇನ್ನೊಂದು ಲೆಕ್ಕ ಕೊಡಿ: ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ಲೀಟರ್? ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಉತ್ತರವನ್ನು ನೀವು ಹೇಳಬೇಡಿ. ಅವರೇ ಗುಣಿಸಿ, ನಂಬದೆ ಮತ್ತೊಮ್ಮೆ ಗುಣಿಸಲಿ.

ಹಲವು ತೋಟದ ಮನೆಗಳಲ್ಲಿ ಹಳೆಯ ಮಳೆ ಪುಸ್ತಕಗಳಿರುತ್ತವೆ. ಅಂಥ ಒಬ್ಬ ಹಿರಿಯರನ್ನು ಪುಸ್ತಕದ ಸಮೇತ ಕರೆಸಿ, ಭಾಷಣ ಬೇಡ. 2018ರ ಆಗಸ್ಟ್ ಪುಟ ತೆರೆದಿಟ್ಟರೆ ಸಾಕು. ಆ ವರ್ಷ ಗುಡ್ಡ ಕುಸಿದ ಕಥೆ ಮಕ್ಕಳು ಕೇಳಿದ್ದಾರೆ, ಅದರ ಅಂಕಿ ನೋಡಿರುವುದಿಲ್ಲ.

ಗೋಡೆಗೊಂದು ಜಿಲ್ಲೆಯ ನಕ್ಷೆ ಹಾಕಿ, ಪ್ರತಿ ಮಗುವಿನ ಊರಿಗೆ ವಾರದ ಮೊತ್ತ ಬರೆಸಿ. ಪಶ್ಚಿಮದ ಭಾಗಮಂಡಲ ಮತ್ತು ಪೂರ್ವದ ಕುಶಾಲನಗರದ ಕಡೆಯ ಒಂದೊಂದು ಶಾಲೆಯ ಶಿಕ್ಷಕರಿಗೆ ಫೋನ್ ಮಾಡಿ ಅಲ್ಲಿನ ಅಳತೆಯನ್ನೂ ತರಿಸಿಕೊಳ್ಳಿ. ಒಂದೇ ಜಿಲ್ಲೆಯ ಪಶ್ಚಿಮದಲ್ಲಿ ಪೂರ್ವದ ಹಲವು ಪಟ್ಟು ಮಳೆ ಎಂಬುದು ಆಗ ಪಾಠದ ಸಾಲಾಗಿ ಉಳಿಯುವುದಿಲ್ಲ. ಇಷ್ಟು ದಾಖಲೆ ಕೈಯಲ್ಲಿದ್ದರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಬೇರೆ ಪ್ರಾಜೆಕ್ಟ್ ಹುಡುಕಬೇಕಿಲ್ಲ.

ಈಗ ಪ್ರವಾಸ

ಪ್ರವಾಸ ಎಂದಕೂಡಲೇ ಬೆಂಗಳೂರು, ಮೈಸೂರು, ವಾಟರ್ ಪಾರ್ಕ್. ಅದು ಬೇಡವೆಂದಲ್ಲ. ಆದರೆ ಹಾರಂಗಿ ನೋಡದ ಮಡಿಕೇರಿ ಮಗುವನ್ನು ಮೊದಲೇ ಕೆಆರ್‌ಎಸ್‌ಗೆ ಕರೆದೊಯ್ಯುವುದು ನನಗೆ ಸರಿಕಾಣದು. ಮಳೆ ಕ್ಲಬ್‌ನ ಪ್ರವಾಸಕ್ಕೆ ಒಂದೇ ಪ್ರಶ್ನೆ: ನಮ್ಮ ಅಂಗಳದ ನೀರು ಎಲ್ಲಿಗೆ ಹೋಯಿತು?

ಬೆಳಿಗ್ಗೆ ಭಾಗಮಂಡಲದಲ್ಲಿ ಕಾವೇರಿ ಮತ್ತು ಕನ್ನಿಕೆ ಕೂಡುವಲ್ಲಿಂದ ಆರಂಭಿಸಿ, ಮಧ್ಯಾಹ್ನ ಹಾರಂಗಿ ಜಲಾಶಯ, ಕೊನೆಗೆ ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆ. ಭಾಗಮಂಡಲದ ನೀರು ಹಾರಂಗಿಗೆ ಬರುತ್ತದೆಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ಇಲ್ಲ, ಹಾರಂಗಿಯ ನೀರು ಪುಷ್ಪಗಿರಿ ಕಡೆಯ ಬೆಟ್ಟಗಳದ್ದು. ಭಾಗಮಂಡಲದ್ದು ನಾಪೋಕ್ಲು, ಸಿದ್ದಾಪುರ, ದುಬಾರೆ ದಾಟಿ ಬರುತ್ತದೆ. ಎರಡೂ ಕೂಡಿಗೆಯಲ್ಲೇ ಒಂದಾಗುವುದು. ಸಂಪಾಜೆಯ ಮಗುವೊಂದಿದ್ದರೆ ಇನ್ನೂ ಚೆಂದ: ಆ ಅಂಗಳದ ನೀರು ಪಯಸ್ವಿನಿ ಹಿಡಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ, ಈ ಬಸ್ಸಿನ ದಾರಿಗೇ ಸಿಗುವುದಿಲ್ಲ.

ಹಾರಂಗಿಯಲ್ಲಿ ಉದ್ಯಾನ ಸುತ್ತಿ ಬರುವುದಷ್ಟೇ ಆಗಬಾರದು. ಎಂಜಿನಿಯರರ ಕಚೇರಿಗೆ ಮೊದಲೇ ಪತ್ರ ಬರೆದು, ಯಾರಾದರೂ ಅರ್ಧ ಗಂಟೆ ಮಾತಾಡುವಂತೆ ಕೇಳಿಕೊಳ್ಳಿ. ಜಲಾಶಯದ ಗರಿಷ್ಠ ಮಟ್ಟ 2859 ಅಡಿ, ಹಿಡಿಯುವ ನೀರು 8.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಳಹರಿವು ಇಷ್ಟು ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಓದುತ್ತಾರಲ್ಲ, ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಮಕ್ಕಳು ತಮ್ಮ ಜುಲೈ ಪುಸ್ತಕ ಹಿಡಿದು ಬಂದಿರಲಿ: ನಮ್ಮಲ್ಲಿ ಜೋರು ಮಳೆ ಬಿದ್ದ ದಿನ ನಿಮ್ಮಲ್ಲಿ ಎಷ್ಟು ಗಂಟೆ ತಡವಾಗಿ ನೀರು ಏರಿತು ಎಂದು ಕೇಳಲಿ.

ಯಾವಾಗ ಹೊರಡುವುದು? ದಸರಾ ರಜೆ ಮುಗಿದ ಮೇಲೆ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿ ತೀರ್ಥೋದ್ಭವದ ತುಲಾ ಸಂಕ್ರಮಣದ ಆಸುಪಾಸು ಭಾಗಮಂಡಲದ ಕಡೆ ಬಸ್ ನಿಲ್ಲಿಸಲೂ ಜಾಗವಿರುವುದಿಲ್ಲ, ವಾರಾಂತ್ಯದಲ್ಲಿ ಪ್ರವಾಸಿಗರ ಕಾರಿನ ಸಾಲು. ನವೆಂಬರಿನ ಮಂಗಳವಾರವೋ ಬುಧವಾರವೋ ಆರಿಸಿ, ಸುಗ್ಗಿ ಹಬ್ಬ ಪುತ್ತರಿಯ ದಿನ ನೋಡಿಕೊಂಡು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಇಲಾಖೆಯ ಅನುಮತಿ, ಪೋಷಕರ ಲಿಖಿತ ಒಪ್ಪಿಗೆ, ಕೆಎಸ್‌ಆರ್‌ಟಿಸಿ ಬಸ್, ಇವಕ್ಕೆ ಒಂದು ತಿಂಗಳು ಮೊದಲೇ ಓಡಾಟ ಶುರುಮಾಡಿ.

ಸುರಕ್ಷತೆಯಲ್ಲಿ ಒಂದೇ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಯಾರೂ ನೀರಿಗಿಳಿಯುವಂತಿಲ್ಲ, ಕಾಲು ತೊಳೆಯಲೂ ಕೂಡ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿದರು. ಹೊಳೆ ಶಾಂತವಾಗಿ ಕಂಡಷ್ಟೂ ಮಕ್ಕಳು ಧೈರ್ಯ ಮಾಡುತ್ತಾರೆ. ಹತ್ತು ಮಕ್ಕಳಿಗೊಬ್ಬ ಶಿಕ್ಷಕರು ಇರಲಿ, ಶಿಕ್ಷಕಿ ಇಲ್ಲದೆ ಹೊರಡಲೇಬೇಡಿ.

ಯೋಜನೆಯಲ್ಲಿ ಯಾರೂ ಬರೆಯದೇ ಬಿಡುವುದು ಶೌಚಾಲಯ. ಹೆಣ್ಣುಮಕ್ಕಳು ಅದಕ್ಕಾಗಿ ದಿನವಿಡೀ ನೀರು ಕುಡಿಯದೆ ಕೂರುತ್ತಾರೆ. ದಾರಿಯ ಎರಡು ಶಾಲೆಗಳ ಮುಖ್ಯಶಿಕ್ಷಕರಿಗೆ ಫೋನ್ ಮಾಡಿದರೆ ಶೌಚಾಲಯವೂ ಆಯಿತು, ಬುತ್ತಿ ಬಿಚ್ಚಲು ಜಗಲಿಯೂ ಆಯಿತು. ತಿರುವಿನ ರಸ್ತೆಯಲ್ಲಿ ವಾಂತಿ ಆಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬರಿಹೊಟ್ಟೆಯಲ್ಲಿ ಕರೆತರಬೇಡಿ. ದುಡ್ಡು ಕೊಡಲಾಗದ ಮಕ್ಕಳ ಪಾಲನ್ನು ಹಳೆ ವಿದ್ಯಾರ್ಥಿಗಳಿಂದಲೋ ಶಾಲಾಭಿವೃದ್ಧಿ ಸಮಿತಿಯಿಂದಲೋ (ಎಸ್‌ಡಿಎಂಸಿ) ಸದ್ದಿಲ್ಲದೆ ತುಂಬಿಸಿ, ಯಾರದೆಂದು ತರಗತಿಯಲ್ಲಿ ಹೇಳಬೇಡಿ. ಸಂಜೆ ಐದರೊಳಗೆ ಶಾಲೆಗೆ ವಾಪಸ್. ಕತ್ತಲಲ್ಲಿ ತೋಟದ ದಾರಿಗೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸುವಂತಿಲ್ಲ, ತಡವಾದರೆ ಮನೆಯವರು ಬಂದೇ ಕರೆದುಕೊಂಡು ಹೋಗಬೇಕು.

ಮರುದಿನ ‘ನಾನು ಮಾಡಿದ ಪ್ರವಾಸ’ ಪ್ರಬಂಧ ಬರೆಸುವ ಚಾಳಿ ಬಿಡಿ. ಅದರಲ್ಲಿ ಎಲ್ಲರೂ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿರುತ್ತಾರೆ. ಬದಲಿಗೆ ಗೋಡೆಯ ನಕ್ಷೆಯ ಮೇಲೆ ತಮ್ಮ ಮನೆಯಿಂದ ತೋಡು, ಹೊಳೆ, ನದಿ ಹಿಡಿದು ನೀಲಿ ಗೆರೆ ಎಳೆಯಲಿ. ಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಆ ತೋಡಿನ ಹೆಸರು ಮನೆಯಲ್ಲಿ ಕೇಳಿಕೊಂಡು ಬರಲಿ.

ಮಳೆ ನಿಂತ ತಿಂಗಳುಗಳಲ್ಲಿ ಬಾಟಲಿ ತೊಳೆದು ಒಳಗಿಡಿಸಿ, ನೀರು ನಿಂತರೆ ಸೊಳ್ಳೆ ಮರಿಯಾಗುತ್ತದೆ. ಫೆಬ್ರವರಿ ಕೊನೆಗೆ ಮತ್ತೆ ಕಣಕ್ಕೆ. ಕಾಫಿಗೆ ಹೂಮಳೆ ಬರುವ ಹೊತ್ತದು. ಎಷ್ಟು ಸೆಂಟ್ ಬಿತ್ತು, ಎಷ್ಟು ದಿನಕ್ಕೆ ಹೂ ಅರಳಿತು ಎಂದು ಬರೆದಿಡುವ ಕೆಲಸವನ್ನು ಎಂಟನೆಯವರಿಗೆ ವಹಿಸಿ. ಜೂನ್‌ನಲ್ಲಿ ಕ್ಲಬ್ ನಡೆಸುವವರು ಅವರೇ.