ಊರಿನ ಮನೆಯಿಂದ ಫಿಡೋನೆಟ್‌ಗೆ: ನನ್ನ ಅನುಭವ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದೆ. ಆದರೆ ಅದು ಹೊರಗೆ ಹೋಗುವ ದಾರಿ ಮಾತ್ರ. ನಮ್ಮ ಐಪಿ ವಿಳಾಸವನ್ನೇ ಎಷ್ಟೋ ಮನೆಗಳು ಹಂಚಿಕೊಂಡಿವೆ (ಸಿಜಿನ್ಯಾಟ್ ಅನ್ನುತ್ತಾರಲ್ಲ, ಅದು). ಹಾಗಾಗಿ ಹೊರಗಿನಿಂದ ಯಾರೂ ನಮ್ಮ ಯಂತ್ರವನ್ನು ತಲುಪಲಾರರು. ಬಿಬಿಎಸ್ (ಜನ ಕರೆ ಮಾಡಿ ಬಂದು ಸಂದೇಶ ಓದಿ ಬರೆಯುವ ಕಂಪ್ಯೂಟರ್ ಫಲಕ) ಇಟ್ಟು ಜನರನ್ನು ಕರೆಯೋಣ ಅಂದರೆ ಬಾಗಿಲೇ ಇಲ್ಲ. ಅದಕ್ಕೆ ನಾನು ಬಿಬಿಎಸ್‌ಗಳು ಪರಸ್ಪರ ಟಪಾಲು ಬದಲಿಸಿಕೊಳ್ಳುವ ಜಾಲವಾದ ಫಿಡೋನೆಟ್‌ನಲ್ಲಿ ಪಾಯಿಂಟ್ ಆದೆ.

ಪಾಯಿಂಟ್ ಅಂದರೆ ಯಾವುದೋ ಒಂದು ನೋಡ್‌ನ (ಜಾಲದ ಪೂರ್ಣ ಸದಸ್ಯ ಯಂತ್ರದ) ನೆರಳಲ್ಲಿ ಇರುವವನು. ಆ ನೋಡ್‌ಗೆ ಬಾಸ್ ಅಂತ ಹೆಸರು. ನನ್ನ ಟಪಾಲು ಬಾಸ್ ಹತ್ತಿರ ಕಾದಿರುತ್ತದೆ. ನಾನೇ ಕರೆ ಮಾಡಿ ತಂದುಕೊಳ್ಳಬೇಕು. ನನಗೆ ಯಾರೂ ಕರೆ ಮಾಡಬೇಕಾಗಿಲ್ಲ. ಫೋನ್ ಬಿಲ್ಲಿಗೆ ಹೆದರಿ ಮಾಡಿದ ಈ ವ್ಯವಸ್ಥೆ ಇವತ್ತಿನ ನಮ್ಮ ಬ್ರಾಡ್‌ಬ್ಯಾಂಡ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಬಿಲ್ಲಿನ ಹೆದರಿಕೆ ಸುಮ್ನೆ ಹೇಳಿದ್ದಲ್ಲ. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸ್ಯೂಸ್ ಮೊದಲ ಬಿಬಿಎಸ್ ನಡೆಸಿದರು. ಅದಾದ ಮೇಲೆ ಬಿಬಿಎಸ್‌ಗಳು ಹೆಚ್ಚಿದರೂ ಒಂದರಲ್ಲಿ ಬರೆದದ್ದು ಅಲ್ಲೇ ಉಳಿಯುತ್ತಿತ್ತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್, ರಾತ್ರಿ ದರ ಕಡಿಮೆ ಇರುವಾಗ ಯಂತ್ರಗಳೇ ಪರಸ್ಪರ ಫೋನ್ ಮಾಡಿ ಟಪಾಲು ಬದಲಿಸಿಕೊಳ್ಳುವ ಹಾಗೆ ಮಾಡಿದರು. ಅದೇ ಫಿಡೋನೆಟ್. ಹೀಗೆ ಟಪಾಲು ಬದಲಿಸುವ ಒಂದು ಗಂಟೆ ಬಳಕೆದಾರರು ಕರೆ ಮಾಡುವಂತಿರಲಿಲ್ಲ, ಲೈನು ಟಪಾಲಿಗೇ ಮೀಸಲು. 1990ರ ದಶಕದ ಮಧ್ಯದಲ್ಲಿ ಮೂವತ್ತು ಸಾವಿರಕ್ಕಿಂತ ಜಾಸ್ತಿ ನೋಡ್‌ಗಳಿದ್ದವು. ಏಷ್ಯಾಕ್ಕೆ ಆರನೇ ಝೋನ್ (ಜಾಲದ ಪ್ರಾದೇಶಿಕ ವಿಭಾಗ) ಇತ್ತು. 2007ರಲ್ಲಿ ಅದನ್ನು ಮುಚ್ಚಿ, ಉಳಿದವರನ್ನು ಆಸ್ಟ್ರೇಲಿಯಾ ಕಡೆಯ ಮೂರನೇ ಝೋನ್‌ಗೆ ಸೇರಿಸಿದರು.

ನನ್ನ ಹತ್ತಿರ ಇರುವುದು ಒಂದು ಹಳೆಯ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಅದರಲ್ಲಿ ಮೂರು ಪ್ರೋಗ್ರಾಂ. ಬಿಂಕ್‌ಡಿ ಬಾಸ್‌ಗೆ ಕರೆ ಮಾಡುತ್ತದೆ. ಈಗ ಮೋಡೆಮ್ ಇಲ್ಲ, ಇಂಟರ್ನೆಟ್ ಮೇಲೆ 24554ನೇ ಪೋರ್ಟ್ (ಯಂತ್ರದ ಬಾಗಿಲ ಸಂಖ್ಯೆ ಅನ್ನಿ). ಬಂದ ಟಪಾಲಿನ ಕಟ್ಟನ್ನು ಬಿಚ್ಚಿ ವಿಂಗಡಿಸುವುದು ಎಚ್‌ಪಿಟಿ. ಓದಿ ಬರೆಯಲು ಗೋಲ್ಡೆಡ್. ಕಟ್ಟಿನ ಫೈಲಿನ ಹೆಸರಲ್ಲೇ ವಾರ ಇರುತ್ತದೆ: ಸೋಮವಾರದ್ದಾದರೆ ಕೊನೆಗೆ ಎಂಒ, ಮಂಗಳವಾರದ್ದಾದರೆ ಟಿಯು, ಅದಾದ ಮೇಲೆ ಒಂದು ಅಂಕಿ. ಜಿಪ್ ಆಗಿ ಬರುವುದರಿಂದ ತುಂಬಾ ಚಿಕ್ಕದು. ಮಳೆಗಾಲದಲ್ಲಿ ಕರೆಂಟ್, ಸಿಗ್ನಲ್ ಎರಡೂ ಹೋಗಿ ಬಂದ ಮೇಲೆ ಒಂದು ಕರೆಗೆ ಎಲ್ಲ ಇಳಿದುಬಿಡುತ್ತದೆ.

ಚರ್ಚೆಯ ಏರಿಯಾ ಬೇಕಾದರೆ ಬಾಸ್ ಸಾಹೇಬರನ್ನು ಕೇಳಬೇಕಿಲ್ಲ. ಅವರ ಯಂತ್ರದಲ್ಲಿರುವ ಏರಿಯಾಫಿಕ್ಸ್ ಅನ್ನುವ ಪ್ರೋಗ್ರಾಂಗೆ ನೆಟ್‌ಮೇಲ್ (ಒಬ್ಬರಿಂದ ಒಬ್ಬರಿಗೆ ಹೋಗುವ ಖಾಸಗಿ ಟಪಾಲು) ಬರೆದರಾಯ್ತು. ವಿಷಯದ ಸಾಲಿನಲ್ಲಿ ಪಾಸ್‌ವರ್ಡ್, ಒಳಗೆ ಏರಿಯಾ ಹೆಸರಿನ ಮುಂದೆ ಒಂದು ಪ್ಲಸ್. ಬೇಡವಾದರೆ ಮೈನಸ್.

ನನಗೆ ಅತ್ಯಂತ ಇಷ್ಟವಾದದ್ದು ಸೀನ್-ಬೈ ಸಾಲು. ಸಾರ್ವಜನಿಕ ಚರ್ಚೆಗೆ ಎಕೋಮೇಲ್ ಅನ್ನುತ್ತಾರೆ. ಡಲ್ಲಾಸ್‌ನ ಜೆಫ್ ರಶ್ ರೂಪಿಸಿದ್ದು. ಇಲ್ಲಿ ನಡುವೆ ದೊಡ್ಡ ಸರ್ವರ್ ಅಂತ ಯಾವುದೂ ಇಲ್ಲ. ಸಂದೇಶದ ಕೊನೆಯಲ್ಲೇ ಅದನ್ನು ನೋಡಿದ ಒಂದೊಂದು ನೋಡ್‌ನ ವಿಳಾಸದ ಸಂಖ್ಯೆಯೂ ಬರೆದಿರುತ್ತದೆ. ಮುಂದಿನವರಿಗೆ ಕಳಿಸುವ ಮೊದಲು ಯಂತ್ರ ಆ ಪಟ್ಟಿ ನೋಡುತ್ತದೆ. ಅವರ ಸಂಖ್ಯೆ ಇದ್ದರೆ ಕಳಿಸುವುದಿಲ್ಲ, ಇಲ್ಲದಿದ್ದರೆ ಸೇರಿಸಿ ಕಳಿಸುತ್ತದೆ. ಅದರ ಕೆಳಗೆ ಪಾತ್ ಸಾಲು, ಯಾವ ದಾರಿ ಹಿಡಿದು ಬಂತು ಅಂತ. ಎಷ್ಟು ಸರಳ ಅಲ್ವಾ?

ಕನ್ನಡದಲ್ಲಿ ಬರೆಯಲು ಹೋದಾಗ ಮಾತ್ರ ಕಷ್ಟ ಶುರುವಾಯ್ತು. ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಈಗಿನ ಪದ್ಧತಿ) ಕನ್ನಡದ ಒಂದೊಂದು ಅಕ್ಷರಕ್ಕೂ, ಪ್ರತಿ ಕೊಂಬು, ಗುಡಿಸು, ಹಲಂತಕ್ಕೂ ಮೂರು ಬೈಟ್. ಫಿಡೋನೆಟ್ ಪ್ಯಾಕೆಟ್‌ನಲ್ಲಿ ವಿಷಯದ ಸಾಲಿಗೆ ಇರುವುದು 72 ಬೈಟ್, ಅದರಲ್ಲೂ ಕೊನೆಯದು ಖಾಲಿ ಬಿಡಬೇಕು. 'ತೀರ್ಥಹಳ್ಳಿಯಲ್ಲಿ ಮಳೆ ಶುರುವಾಯ್ತು' ಅಂತ ಬರೆದರೆ ಆ ಕಡೆ 'ತೀರ್ಥಹಳ್ಳಿಯಲ್ಲಿ ಮಳೆ ಶುರುವ' ಅಂತ ತಲುಪುತ್ತದೆ. ಹೆಸರಿಗೆ 36 ಬೈಟ್ ಮಾತ್ರ. ನಮ್ಮ ಕಡೆಯ ಉದ್ದುದ್ದ ಹೆಸರುಗಳ ಗತಿ ನೀವೇ ಊಹಿಸಿ.

ಸಂದೇಶದ ಒಳಗೆ ಉದ್ದದ ತೊಂದರೆ ಇಲ್ಲ. ಸಂದೇಶದ ಆರಂಭದಲ್ಲಿ ಅಡಗಿಕೊಂಡಿರುವ ಒಂದು ಸಾಲಿನಲ್ಲಿ ಇದು ಯುಟಿಎಫ್-8 ಅಂತ ಹೇಳಿರುತ್ತದೆ. ಹೊಸ ಪ್ರೋಗ್ರಾಂ ಇರುವವರಿಗೆ ಸರಿಯಾಗಿಯೇ ಕಾಣುತ್ತದೆ. ಹಳೆಯ ಡಾಸ್ ಕಾಲದ ಅಕ್ಷರಮಾಲೆಯಲ್ಲೇ ಇರುವವರಿಗೆ 'ನ' ಅನ್ನುವುದು ಗ್ರೀಕ್ ಆಲ್ಫಾ, ಒಂದು ಬೂದು ಚೌಕ, ತಲೆಕೆಳಗಾದ ಪ್ರಶ್ನೆ ಚಿಹ್ನೆಯಾಗಿ ಕಾಣುತ್ತದೆ. ಆಲ್ಫಾ ಅಂತೂ ಪ್ರತಿ ಅಕ್ಷರಕ್ಕೂ ಬರುತ್ತದೆ, ಯಾಕಂದರೆ ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ.

ಆದ್ದರಿಂದ ಈಗ ಹೆಸರು, ವಿಷಯ ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕುತ್ತೇನೆ, ಒಳಗೆ ಬೇಕಾದಷ್ಟು ಕನ್ನಡ. ಸಾರ್ವಜನಿಕ ಏರಿಯಾದಲ್ಲಿ ಬೇಡ, ಉಳಿದವರಿಗೆ ಕಿರಿಕಿರಿ. ಕನ್ನಡ ಬಲ್ಲ ಗೆಳೆಯರಿಗೆ ನೆಟ್‌ಮೇಲ್‌ನಲ್ಲಿ ಮಾತ್ರ. ನಿಮಗೂ ಆಸೆ ಇದ್ದರೆ ನೋಡ್ ಆಗುವ ಗೋಜಿಗೆ ಹೋಗದೆ, ಮೊದಲು ಒಬ್ಬ ಒಳ್ಳೆಯ ಬಾಸ್ ಹುಡುಕಿಕೊಳ್ಳಿ. ತಿಂಗಳುಗಟ್ಟಲೆ ಕರೆ ಮಾಡದಿದ್ದರೆ ನಿಮ್ಮ ಕಟ್ಟುಗಳು ಅವರ ಡಿಸ್ಕ್‌ನಲ್ಲಿ ರಾಶಿ ಬೀಳುತ್ತವೆ, ಊರು ಬಿಟ್ಟು ಹೋಗುವಾಗ ಒಂದು ಮಾತು ಹೇಳಿ ಹೋಗಿ.