37ರ ಜಾಗದಲ್ಲಿ 73: ಫೈರ್ ಅಲಾರಂ ಟೆಸ್ಟಿಂಗ್‌ನ ನನ್ನ ಅನುಭವ

ಕಳೆದ ವರ್ಷ ಬೆಂಗಳೂರಿನ ಏಳು ಮಹಡಿಯ ಒಂದು ಆಫೀಸ್ ಕಟ್ಟಡಕ್ಕೆ ಫೈರ್ ಅಲಾರಂ ಕಾನ್ಫಿಗರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೇಬಲ್ ಎಳೆದವರು ಬೇರೆ ಗುತ್ತಿಗೆದಾರರು. ಪ್ರತಿ ಡಿಟೆಕ್ಟರ್‌ಗೂ ಅಡ್ರೆಸ್, ಅಂದರೆ ಅದರದೇ ನಂಬರ್ ಹಾಕುವುದು, ಪ್ಯಾನೆಲ್‌ಗೆ (ಎಲ್ಲವನ್ನೂ ನಡೆಸುವ ಕಂಟ್ರೋಲ್ ಪೆಟ್ಟಿಗೆ) ಪ್ರೋಗ್ರಾಂ ತುಂಬುವುದು, ಟೆಸ್ಟ್ ಮಾಡಿ ಸಹಿ ತೆಗೆದುಕೊಳ್ಳುವುದು ನಮ್ಮದು. ನಾನು, ಜೊತೆಗೆ ಇಬ್ಬರು ಹುಡುಗರು.

ಹೀಗೆ ನಂಬರ್ ಇರುವ ಅಡ್ರೆಸಬಲ್ ಸಿಸ್ಟಂನಲ್ಲಿ ಎರಡು ತಂತಿಯ ಕೇಬಲ್ ಪ್ಯಾನೆಲ್‌ನಿಂದ ಹೊರಟು ಎಲ್ಲ ಡಿಟೆಕ್ಟರ್‌ಗಳನ್ನೂ ಮುಟ್ಟಿ ಮತ್ತೆ ಪ್ಯಾನೆಲ್‌ಗೇ ವಾಪಸ್ ಬರುತ್ತದೆ. ಅದೇ ಲೂಪ್. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಕೆಲಸ ಸಾಗುತ್ತದೆ. ಶಾರ್ಟ್ ಆದರೆ ಅಕ್ಕಪಕ್ಕದ ಐಸೊಲೇಟರ್‌ಗಳು ಅಷ್ಟು ಭಾಗವನ್ನು ಮಾತ್ರ ಕಳಚಿಡುತ್ತವೆ. ಕೇಬಲ್‌ಗೆ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವುದಿದ್ದರೆ ಡಿಟೆಕ್ಟರ್ ಕೂರಿಸುವ ಮೊದಲೇ ಹಾಕಬೇಕು. 500 ವೋಲ್ಟ್ ನುಗ್ಗಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಮುಗಿದಂತೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಹೀಗೆ ಎಂಟು ಡಿಟೆಕ್ಟರ್ ಸುಟ್ಟಿದ್ದೆ. ಸಂಬಳದಲ್ಲಿ ಹಿಡಿದುಕೊಂಡರು.

ಅಡ್ರೆಸ್ ಹಾಕುವುದು ಸುಲಭ. ಡಿಟೆಕ್ಟರ್ ಹಿಂದೆ ಎರಡು ಪುಟ್ಟ ರೋಟರಿ ಸ್ವಿಚ್ ಇರುತ್ತವೆ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಆಯ್ತು. ನಮ್ಮ ಪ್ಯಾನೆಲ್‌ನಲ್ಲಿ ಒಂದು ಲೂಪಿಗೆ 99 ಡಿಟೆಕ್ಟರ್ ಕೂರುತ್ತವೆ. ಹುಡುಗರು ಟೇಬಲ್ ಮೇಲೆ ಎಲ್ಲಕ್ಕೂ ನಂಬರ್ ಹಾಕಿ, ಡಬ್ಬಕ್ಕೆ ತುಂಬಿಕೊಂಡು ಹೋಗಿ, ಏಣಿ ಹತ್ತಿ ಕೂರಿಸಿದರು. ಸಂಜೆ ಪ್ಯಾನೆಲ್ ಆನ್ ಮಾಡಿದೆ. ಒಂದು ಫಾಲ್ಟ್ ಇಲ್ಲ. 'ಸಿಸ್ಟಂ ನಾರ್ಮಲ್' ಅಂತ ಹಸಿರು ದೀಪ. ಇಷ್ಟು ಬೇಗ ನಾರ್ಮಲ್ ಬಂದರೆ ನನಗೆ ಯಾವಾಗಲೂ ಸ್ವಲ್ಪ ಅನುಮಾನವೇ.

ಮಾರನೇ ದಿನ ಟೆಸ್ಟ್. ಉದ್ದ ಕೋಲಿನ ತುದಿಗೆ ಹೊಗೆಯ ಸ್ಪ್ರೇ ಸಿಕ್ಕಿಸಿ ಒಂದೊಂದೇ ಡಿಟೆಕ್ಟರ್‌ಗೆ ಹಿಡಿಯುವುದು. ಹುಡುಗ ಮೇಲೆ, ನಾನು ಕೆಳಗೆ ಪ್ಯಾನೆಲ್ ಮುಂದೆ, ನಡುವೆ ವಾಕಿಟಾಕಿ. ನಾಲ್ಕನೇ ಮಹಡಿಯ ಪೂರ್ವದ ತುದಿಯಿಂದ ಹುಡುಗ "37ಕ್ಕೆ ಹೊಡೆದೆ ಸರ್" ಅಂದ. ಪ್ಯಾನೆಲ್ ಮೇಲೆ ಬಂದಿದ್ದು 73, ಆರನೇ ಮಹಡಿ. ಅವನನ್ನು ಆರನೇ ಮಹಡಿಗೆ ಕಳಿಸಿ 73ಕ್ಕೆ ಹೊಡೆಸಿದೆ. 37 ಬಂತು.

ಎರಡು ಡಿಟೆಕ್ಟರ್ ಒಂದರ ಜಾಗದಲ್ಲಿ ಇನ್ನೊಂದು ಕೂತಿದ್ದವು, ಅಷ್ಟೇ. ಒಂದೇ ನಂಬರ್ ಎರಡಕ್ಕೆ ಬಿದ್ದಿದ್ದರೆ ಪ್ಯಾನೆಲ್ ಕೂಗುತ್ತಿತ್ತು. ಒಂದು ಕಾಣೆಯಾಗಿದ್ದರೂ ಕೂಗುತ್ತಿತ್ತು. ಅದಲು ಬದಲಾದರೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಲೆಕ್ಕಕ್ಕೆ ಎಲ್ಲರೂ ಹಾಜರ್! ನಿಜವಾಗಿ ಬೆಂಕಿ ಬಿದ್ದಿದ್ದರೆ ಸೆಕ್ಯುರಿಟಿಯವರು ಎರಡು ಮಹಡಿ ಮೇಲೆ ಓಡಿ, ಹೊಗೆ ಹುಡುಕುತ್ತಾ ನಿಂತಿರುತ್ತಿದ್ದರು. ನೂರಕ್ಕೆ ಹತ್ತನ್ನು ನೋಡಿ ಸಹಿ ಹಾಕೋಣ ಅನ್ನುವವರು ಈ ಫೀಲ್ಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಒಂದನ್ನೂ ಬಿಡುವುದಿಲ್ಲ. ನಮಗೆ ಮೂರು ದಿನ ಹಿಡಿಯಿತು, ಕತ್ತು ನೋವು ಬೇರೆ.

ಓಡುವವರ ವಿಷಯ ಬಂತಲ್ಲ, ಲೇಬಲ್ ಬಗ್ಗೆ ಹೇಳಲೇಬೇಕು. ಪ್ರತಿ ಡಿಟೆಕ್ಟರ್‌ಗೂ ಪ್ಯಾನೆಲ್‌ನಲ್ಲಿ ಜಾಗದ ಹೆಸರು ಬರೆಯಬೇಕು, ಜಾಗ ಇರುವುದು ಇಪ್ಪತ್ತು ಚಿಲ್ಲರೆ ಅಕ್ಷರಕ್ಕೆ. ನಾನು ಡ್ರಾಯಿಂಗ್ ನೋಡಿ 'ಈಸ್ಟ್ ಲಾಬಿ', 'ವೆಸ್ಟ್ ಕಾರಿಡಾರ್' ಅಂತ ತುಂಬಿದ್ದೆ. ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣನನ್ನು ಕರೆದು ತೋರಿಸಿದೆ. "ವೆಸ್ಟ್ ಅಂದ್ರೆ ಯಾವ ಕಡೆ ಸರ್?" ಅಂದರು. ಅವರಿಗೆ ಅದು 'ಪ್ಯಾಂಟ್ರಿ ಹಿಂದಿನ ಮೆಟ್ಟಿಲು'. ಲಾಬಿ ಅಂದರೆ 'ಗಣಪತಿ ಹತ್ತಿರ'. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಅಕ್ಷರದಲ್ಲೇ ಅವರ ಮಾತನ್ನು ಟೈಪ್ ಮಾಡಿದೆ. ಕನ್ಸಲ್ಟೆಂಟ್ ಮುಖ ಸಿಂಡರಿಸಿದರು. ರಾತ್ರಿ ಎರಡು ಗಂಟೆಗೆ ಅದನ್ನು ಓದಬೇಕಾದವರು ಅವರಲ್ಲ ತಾನೇ?

ಡ್ರಾಯಿಂಗ್‌ನಲ್ಲಿ ಪ್ಯಾಂಟ್ರಿಗೆ ಸ್ಮೋಕ್ ಡಿಟೆಕ್ಟರ್ ಬರೆದಿದ್ದರು. ದಿನಾ ಒಗ್ಗರಣೆಗೆ ಹೂಟರ್ ಕೂಗಿದರೆ ವಾರದೊಳಗೆ ಯಾರೋ ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುತ್ತಾರೆ. ಒಪ್ಪಿಸಿ ಹೀಟ್ ಡಿಟೆಕ್ಟರ್ ಹಾಕಿಸಿದೆ.

ಆಮೇಲೆ ಒಟ್ಟು ಪರೀಕ್ಷೆ. ಮೂರನೇ ಮಹಡಿಯಲ್ಲಿ ಕಾಲ್ ಪಾಯಿಂಟ್ (ಬೆಂಕಿ ಕಂಡವರು ಕೈಯಿಂದ ಒತ್ತುವ ಗೋಡೆಯ ಪೆಟ್ಟಿಗೆ) ಒತ್ತಿದೆವು. ಹೂಟರ್ ಕೂಗಿತು. ಲಿಫ್ಟ್‌ಗಳು ಕೆಳಗೆ ಬಂದು ಬಾಗಿಲು ತೆರೆದು ನಿಂತವು. ಎಸಿ ಬ್ಲೋವರ್ ನಿಂತಿತು, ಮೆಟ್ಟಿಲಿಗೆ ಗಾಳಿ ತುಂಬುವ ಫ್ಯಾನ್ ಶುರುವಾಯಿತು. ಕಾರ್ಡ್ ತೋರಿಸಿ ಹೋಗುವ ಗಾಜಿನ ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಮ್ಮ ಸಿಗ್ನಲ್ ಬಾಗಿಲಿನ ಕಂಟ್ರೋಲರ್‌ಗೆ ಹೋಗುತ್ತಿತ್ತು, ಅದು ಹ್ಯಾಂಗ್ ಆಗಿ ಕೂತಿತ್ತು. ನಮ್ಮ ರಿಲೇ (ಪ್ಯಾನೆಲ್ ಮಾತು ಕೇಳುವ ಸ್ವಿಚ್) ಮ್ಯಾಗ್ನೆಟ್ ಲಾಕಿನ ಕರೆಂಟನ್ನೇ ನೇರವಾಗಿ ಕತ್ತರಿಸಬೇಕು, ಆಗ ಯಾವ ಕಂಪ್ಯೂಟರ್ ಮಲಗಿದ್ದರೂ ಬಾಗಿಲು ಬಿಡುತ್ತದೆ. ಬಾಗಿಲಿನ ಗುತ್ತಿಗೆದಾರರು "ಸಾಫ್ಟ್‌ವೇರ್‌ನಲ್ಲಿ ಸರಿ ಮಾಡ್ತೀವಿ" ಅಂದರು. ನಾನು ಒಪ್ಪಲಿಲ್ಲ. 2010ರ ಫೆಬ್ರವರಿ 23ರಂದು ಇದೇ ಊರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ಬಾಗಿಲಿನ ವಿಷಯದಲ್ಲಿ ನಾನು ಜಗಳಕ್ಕೂ ತಯಾರು. ವೈರ್ ಬದಲಾಯಿಸಿದರು.

ಕೊನೆಗೆ ಬ್ಯಾಟರಿ. 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ, ಒಟ್ಟು 24. ಮೀಟರ್ ಇಟ್ಟರೆ ಎರಡೂ ಚೆನ್ನಾಗಿಯೇ ತೋರಿಸಿದವು. ಸಂಜೆ ಮೇನ್ಸ್ ಆಫ್ ಮಾಡಿ, 24 ಗಂಟೆ ಬಿಟ್ಟು, ಹೂಟರ್ ಕೂಗಿಸಿದೆ. ಏಳನೇ ಮಹಡಿಯದ್ದು ಶೀತವಾದವರ ಹಾಗೆ ಗೊಗ್ಗರು ದನಿಯಲ್ಲಿ ನರಳಿತು. ಲೋಡ್ ಬಿದ್ದ ಕೂಡಲೇ ಒಂದು ಬ್ಯಾಟರಿ ಕುಸಿಯುತ್ತಿತ್ತು. ಎರಡನ್ನೂ ಬದಲಾಯಿಸಿದೆವು. ಹಳತು ಹೊಸತು ಜೋಡಿ ಮಾಡಬಾರದು.

ಆಯುಧ ಪೂಜೆಯ ದಿನ ಆ ಅಣ್ಣನ ಫೋನ್ ಬಂತು. "ಸರ್, ಪ್ಯಾನೆಲ್ ಮೇಲೆ 'ಗಣಪತಿ ಹತ್ತಿರ' ಅಂತ ಬಂತು. ಹೋಗಿ ನೋಡ್ಕೊಂಡೇ ಫೋನ್ ಮಾಡ್ತಿರೋದು. ಸಾಂಬ್ರಾಣಿ ಜಾಸ್ತಿ ಆಗಿದೆ ಅಷ್ಟೇ. ಹೂಟರ್ ನಿಲ್ಲಿಸಿದೀನಿ, ರೀಸೆಟ್ ಒತ್ತಲಾ?"

"ಹೊಗೆ ಪೂರ್ತಿ ಹೋಗಲಿ ಅಣ್ಣ, ಆಮೇಲೆ ಒತ್ತಿ. ಈಗ ಒತ್ತಿದರೆ ಮತ್ತೆ ಕೂಗುತ್ತೆ."