ಮೊದಲನೇ ಸ್ಲಾಲಮ್ ಬೋರ್ಡ್: ನಾನು ಏನೇನು ನೋಡಿ ಜೋಡಿಸ್ದೆ

ಸ್ಕೇಟ್‌ಬೋರ್ಡ್ ಸ್ಲಾಲಮ್ (ಸಾಲಾಗಿ ಇಟ್ಟ ಕೋನ್‌ಗಳ ಮಧ್ಯೆ ಅಂಕುಡೊಂಕಾಗಿ ಓಡಿಸೋ ಆಟ) ಶುರು ಮಾಡ್ಬೇಕು, ಯಾವ ಬೋರ್ಡ್ ತಗೊಳ್ಲಿ ಅಂತ ಯಾರೇ ಕೇಳಿದ್ರೂ ನಾನು ಹೇಳೋದು ಒಂದೇ, ದುಡ್ಡನ್ನ ಮೊದಲು ಮುಂದಿನ ಟ್ರಕ್‌ಗೆ ಹಾಕಿ. ಟ್ರಕ್ ಅಂದ್ರೆ ಚಕ್ರಗಳನ್ನ ಬೋರ್ಡಿಗೆ ಹಿಡಿದಿಡೋ, ನೀವು ವಾಲಿದ ಕಡೆ ತಿರುಗೋ ಲೋಹದ ಭಾಗ. ಅಂಗಡೀಲಿ ಕಣ್ಣಿಗೆ ಬೀಳೋದು ಡೆಕ್ಕು, ಅಂದ್ರೆ ಮೇಲೆ ನಿಲ್ಲೋ ಹಲಗೆ, ಆದ್ರೆ ಕೋನ್‌ಗಳ ಮಧ್ಯೆ ನಿಮ್ಮನ್ನ ತಿರುಗ್ಸೋದು ಮುಂದಿನ ಟ್ರಕ್ಕೇ.

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೊಸೆ ಕಡೆ. 70ರ ದಶಕದಲ್ಲಿ ಯೂರಿಥೇನ್ ಅನ್ನೋ ಪ್ಲಾಸ್ಟಿಕ್‌ನ ಚಕ್ರ ಬಂದ್ಮೇಲೆ ಈ ಆಟ ಜೋರಾಗಿ ಬೆಳೆದಿದ್ದು ಈ ರಾಜ್ಯದಲ್ಲೇ, ದಕ್ಷಿಣಕ್ಕೆ ಕಾರ್ಲ್ಸ್‌ಬ್ಯಾಡ್‌ನ ಲಾ ಕೋಸ್ಟಾ ಇಳಿಜಾರು ಆಗ ತುಂಬಾ ಫೇಮಸ್ಸು, ಹಾಗಾಗಿ ಇಲ್ಲಿ ಹಳಬರ ಹತ್ರ ಸಲಹೆನೂ ಸಿಗತ್ತೆ, ಅದೃಷ್ಟ ಇದ್ರೆ ಸೆಕೆಂಡ್ ಹ್ಯಾಂಡ್ ಪಾರ್ಟೂ ಸಿಗತ್ತೆ.

ಮೊದ್ಲು ಡಿಸೈಡ್ ಮಾಡ್ಕೊಂಡಿದ್ದು ಎಲ್ಲಿ ಓಡಿಸ್ತೀನಿ ಅನ್ನೋದನ್ನ. ಕೋನ್‌ಗಳು ಹತ್ತತ್ರ ಇದ್ರೆ ಟೈಟ್ ಸ್ಲಾಲಮ್, ದೂರ ದೂರ ಇಟ್ಟು ಇಳಿಜಾರಲ್ಲಿ ಸ್ಪೀಡಾಗಿ ಹೋದ್ರೆ ಜೈಂಟ್, ನಡುವೆ ಹೈಬ್ರಿಡ್ ಅಂತ ಇದೆ. ನನಗೆ ಸಿಗೋದು ವೀಕೆಂಡಲ್ಲಿ ಖಾಲಿ ಇರೋ ಪಾರ್ಕಿಂಗ್ ಲಾಟ್, ಸ್ವಲ್ಪವೇ ಇಳಿಜಾರು, ಹಾಗಾಗಿ ಟೈಟ್‌ಗೆ ಹೊಂದೋ ಬೋರ್ಡೇ ಬೇಕಿತ್ತು.

ಈಗ ಟ್ರಕ್ ವಿಷಯ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಮಾಮೂಲಿ ಬೋರ್ಡಲ್ಲಿ ಮುಂದೆ ಹಿಂದೆ ಒಂದೇ ಥರ ಟ್ರಕ್ ಇರತ್ತೆ, ಸ್ಲಾಲಮ್‌ನಲ್ಲಿ ಹಾಗಲ್ಲ, ಮುಂದಿಂದು ಸ್ವಲ್ಪ ವಾಲಿದ್ರೂ ಚಕ್ಕಂತ ತಿರುಗ್ಬೇಕು, ಹಿಂದಿಂದು ಕಮ್ಮಿ ತಿರುಗಿ ನೆಟ್ಟಗೆ ಹಿಂಬಾಲಿಸ್ಬೇಕು. ಎರಡೂ ಒಂದೇ ಸಮ ತಿರುಗಿದ್ರೆ ಸ್ಪೀಡ್ ಏರ್ತಿದ್ದಂಗೆ ಹಿಂಭಾಗ ಅಲ್ಲಾಡಕ್ಕೆ ಶುರುವಾಗತ್ತೆ, ಪಂಪ್ ಮಾಡಿದ (ನೆಲಕ್ಕೆ ಕಾಲು ತಾಗಿಸ್ದೆ ಮೈ ಅತ್ತಿತ್ತ ವಾಲ್ಸಿ ಬೋರ್ಡನ್ನ ಓಡಿಸೋದು) ಶಕ್ತಿಯೂ ಪೋಲು. ನಾನು ಮುಂದೆ ಬೆನೆಟ್ ವೆಕ್ಟರ್ 4.3, ಹಿಂದೆ ಟ್ರ್ಯಾಕರ್ ಆರ್‌ಟಿಎಸ್ ಹಾಕ್ದೆ, ಇದು ಹೊಸಬರಿಗೆ ತುಂಬಾ ಜನ ಹೇಳ್ಕೊಂಡು ಬಂದಿರೋ ಜೋಡಿ, ರೇಸಿಂಗ್‌ಗೆ ಅಂತಲೇ ಮೆಷಿನ್ ಮಾಡಿದ ಟ್ರಕ್‌ಗಳ ಮುಂದೆ ಬೆಲೆ ಎಷ್ಟೋ ಕಮ್ಮಿ. ಟ್ರಕ್‌ಗೂ ಡೆಕ್‌ಗೂ ಮಧ್ಯೆ ವೆಡ್ಜ್, ಅಂದ್ರೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇರೋ ಪ್ಲಾಸ್ಟಿಕ್ ತುಂಡು. ಮುಂದೆ ದಪ್ಪ ಭಾಗ ಬೋರ್ಡಿನ ಮಧ್ಯಕ್ಕೆ ಮುಖ ಮಾಡಿದ್ರೆ ತಿರುಗೋದು ಜಾಸ್ತಿ ಆಗತ್ತೆ, ಹಿಂದೆ ದಪ್ಪ ಭಾಗ ಬಾಲದ ಕಡೆ ಇಟ್ರೆ ಕಮ್ಮಿ ಆಗತ್ತೆ. ಕಿಂಗ್‌ಪಿನ್ (ಟ್ರಕ್ಕಿನ ಮಧ್ಯದ ದಪ್ಪ ಬೋಲ್ಟು) ಬೋರ್ಡಿನ ಮಧ್ಯದ ಕಡೆಗೆ ಒಳಮುಖ ಇರೋ ಇಂಥ ಟ್ರಕ್‌ಗೆ ಮಾತ್ರ ಈ ಲೆಕ್ಕ, ಲಾಂಗ್‌ಬೋರ್ಡ್‌ಗಳ ರಿವರ್ಸ್ ಕಿಂಗ್‌ಪಿನ್ ಟ್ರಕ್‌ಗೆ ಪೂರ್ತಿ ಉಲ್ಟಾ.

ಬುಶಿಂಗ್, ಅಂದ್ರೆ ಕಿಂಗ್‌ಪಿನ್ ಸುತ್ತ ಕೂರೋ ರಬ್ಬರ್ ಥರದ ಬಿಲ್ಲೆ, ಮುಂದೆ ಮೆತ್ತಗಿಂದು, ಹಿಂದೆ ಗಟ್ಟಿ. ಇದು ನಿಮ್ಮ ತೂಕದ ಮೇಲೆ ಹೋಗತ್ತೆ, ಬೇರೆಯವರ ನಂಬರ್ ಕಾಪಿ ಮಾಡ್ಬೇಡಿ. ಅಗ್ಗದ ವಸ್ತು, ಎರಡ್ಮೂರು ಗಟ್ಟಿತನದ್ದು ತಂದಿಟ್ಕೊಳಿ, ನಟ್ ಬಿಗಿ ಮಾಡೋ ಬದಲು ಬುಶಿಂಗನ್ನೇ ಬದಲಾಯ್ಸಿ ನೋಡಿ.

ಚಕ್ರ 70 ಎಂಎಂ ಸುತ್ತಮುತ್ತ, ಅಂಚು ಚೂಪಾಗಿರೋದು, ಯಾಕಂದ್ರೆ ಇಲ್ಲಿ ಜಾರೋದು ಬೇಡ, ಹಿಡಿತ ಬೇಕು. ನಾನು ಹಿಂದೆ 80ಎ, ಮುಂದೆ ಒಂಚೂರು ಗಟ್ಟಿ 83ಎ ಇಟ್ಟಿದೀನಿ, ಮೊದಲು ಜಾರೋದು ಹಿಂದಿನ ಚಕ್ರನೇ ಆದ್ರಿಂದ ಮೆತ್ತಗಿಂದು ಅಲ್ಲಿಗೆ. ಚಕ್ರ ದೊಡ್ಡದಾದ್ರೆ ವಾಲಿದಾಗ ಡೆಕ್‌ಗೆ ತಾಗತ್ತೆ, ತಾಗಿದ್ರೆ ಬೋರ್ಡ್ ಗಕ್ಕಂತ ನಿಲ್ಲತ್ತೆ ನೀವು ಮುಂದಕ್ಕೆ ಹಾರ್ತೀರ, ಅದಕ್ಕೇ ರೈಸರ್ (ಡೆಕ್ಕನ್ನ ಚಕ್ರದಿಂದ ಮೇಲೆ ಎತ್ತೋ ಪ್ಯಾಡು) ಹಾಕಿ ಬೋರ್ಡನ್ನ ಪೂರ್ತಿ ಒಂದು ಪಕ್ಕಕ್ಕೆ ವಾಲ್ಸಿ ಕೈಯಲ್ಲೇ ಚೆಕ್ ಮಾಡಿ, ಆಮೇಲಷ್ಟೇ ರಸ್ತೆಗೆ ಇಳೀರಿ. ಬೇರಿಂಗ್ ಮಾಮೂಲಿ 608 ಸೈಜಿಂದು ಸಾಕು.

ಡೆಕ್‌ನಲ್ಲಿ ನಾನು ಅಳತೆ ಹಿಡಿದು ನೋಡಿದ್ದು ವೀಲ್‌ಬೇಸು, ಅಂದ್ರೆ ಎರಡು ಟ್ರಕ್‌ಗಳ ನಡುವಿನ ದೂರ. ಎರಡೂ ಕಾಲು ಹತ್ತಿರ ಇಟ್ಟು ಮುಂದಕ್ಕೆ ಮುಖ ಮಾಡಿ ನಿಲ್ಲೋದ್ರಿಂದ 18 ಇಂಚು ಆಸುಪಾಸು ಚೆನ್ನಾಗಿ ಬರತ್ತೆ. ಉದ್ದಕ್ಕೆ ಸ್ವಲ್ಪ ಬಳುಕಿದ್ರೆ ಪರ್ವಾಗಿಲ್ಲ, ಪಂಪ್ ಮಾಡಕ್ಕೆ ಅದೇ ಚಂದ, ಆದ್ರೆ ಹಿಂಡಿದಾಗ ತಿರುಚ್ಕೊಳೋ ಡೆಕ್ ಮಾತ್ರ ಬೇಡ, ನಿಮ್ಮ ಕಾಲು ಕೊಟ್ಟ ಬಲ ಟ್ರಕ್ ತಲುಪೋ ಮುಂಚೆನೇ ಹೋಗ್ಬಿಡತ್ತೆ.

ಹೆಲ್ಮೆಟ್ಟು, ನೀ ಪ್ಯಾಡು, ರಿಸ್ಟ್ ಗಾರ್ಡು ಬಜೆಟ್ ಹಾಕೋವಾಗ್ಲೇ ಸೇರ್ಸಿ.

ಜೋಡಿಸಿದ್ಮೇಲೆ ಪೇಪರ್ ಕಪ್‌ಗಳನ್ನ ನೇರ ಸಾಲಲ್ಲಿ 2.5 ಮೀಟರ್‌ಗೆ ಒಂದರಂತೆ ಇಟ್ಕೊಂಡು ಶುರು ಮಾಡಿ, ಕಾಲಿಂದ ತಳ್ಳದೆ ಬರೀ ಪಂಪ್ ಮಾಡ್ಕೊಂಡು ಸಾಲಿನ ಕೊನೆ ಮುಟ್ಟಿದ್ರೆ 2 ಮೀಟರ್‌ಗೆ ಇಳ್ಸಿ. ಸೆಟಪ್ ಬದಲಾಯ್ಸೋವಾಗ ಒಂದ್ಸಲಕ್ಕೆ ಒಂದೇ, ವೆಡ್ಜ್ ಇಲ್ಲಾ ಬುಶಿಂಗ್, ಎರಡನ್ನೂ ಒಟ್ಟಿಗೆ ಮುಟ್ಟಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.